ದೇವರ ಕಪಾಟಿನ ಮುಂದೆ ಐರಿಷ್

ನಮ್ಮ ಮನೆಗೆ ಐರಿಷ್ ಭಾಷೆ ಬಂದದ್ದು ಸಾರಿನ ಪುಡಿಯ ಘಾಟಿನ ಹಿಂದೆಯೇ. ಜಪಾನಿನ ಉರಯಾಸು ಎಂಬ ಊರಿನ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿ ನಾವು ಮೂವರಿದ್ದೆವು: ಅಪ್ಪ, ಅಮ್ಮ, ನಾನು. ಎರಡು ಕೋಣೆ, ಅಡುಗೆಮನೆಗೆ ಅಂಟಿಕೊಂಡ ಒಂದು ಹಾಲ್, ಬಟ್ಟೆ ಒಣಹಾಕಲು ಬಾಲ್ಕನಿ. ಅಮ್ಮ ಮೆಣಸಿನಕಾಯಿ ಹುರಿಯುವ ದಿನ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ಒತ್ತಿ, ಘಾಟನ್ನೆಲ್ಲ ನಾವೇ ಕುಡಿದು ಕೂರುವುದು ರೂಢಿ. ಪಕ್ಕದವರಿಗೆ ತೊಂದರೆಯಾಗಬಾರದು ಎನ್ನುವುದು ಜಪಾನಿಗೆ ಬಂದ ಮೊದಲ ವಾರವೇ ಅಪ್ಪ ಹೇಳಿಕೊಟ್ಟ ಪಾಠ. ಆದರೆ ಸೋಂಕಿನ ಆ ಮೊದಲ ವಸಂತದಲ್ಲಿ ಟೀವಿಯವರು ಹೊತ್ತುಹೊತ್ತಿಗೂ ಕಿಟಕಿ ತೆರೆಯಿರಿ, ಗಾಳಿ ಆಡಲಿ ಎನ್ನುತ್ತಿದ್ದರು. ಅಮ್ಮ ಟೀವಿಯ ಮಾತು ಕೇಳಿದಳು. ಬಾಣಲೆಯ ಘಾಟು ಬಾಲ್ಕನಿ ದಾಟಿ ಅಕ್ಕಪಕ್ಕದ ಮನೆಗಳನ್ನು ಹೊಕ್ಕಿತು. ಯಾರಾದರೂ ಒಮ್ಮೆ ಕೆಮ್ಮಿದರೆ ರೈಲಿನಲ್ಲಿ ಸುತ್ತಲಿನ ಸೀಟುಗಳು ಖಾಲಿಯಾಗುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಇಡೀ ಮೂರನೆಯ ಮಹಡಿ ಒಟ್ಟಿಗೆ ಕೆಮ್ಮಿತು.

ಮರುದಿನ ಲಿಫ್ಟಿನೊಳಗೆ ನೋಟಿಸು ಅಂಟಿಸಿದ್ದರು. ಅಮ್ಮನಿಗೆ ಜಪಾನಿ ಮಾತು ಅಲ್ಪಸ್ವಲ್ಪ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನಾನೇ ಓದಿದೆ. ಮೂರನೆಯ ಮಹಡಿಯ ನಿವಾಸಿಗಳ ಆರೋಗ್ಯದ ಬಗ್ಗೆ ಎಲ್ಲರೂ ಚಿಂತಿತರಾಗಿದ್ದಾರೆ, ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅದರಲ್ಲಿತ್ತು. ಯಾರ ಹೆಸರೂ ಇರಲಿಲ್ಲ, ದೂರೂ ಇರಲಿಲ್ಲ.

"ಬೈದಿದಾರಾ?" ಅಮ್ಮ ಕೇಳಿದಳು.

"ನೋ. ದೇ ಆರ್ ವರೀಡ್."

"ಹಾಗಾದ್ರೆ ಬೈದಿದಾರೆ."

ಅಮ್ಮ ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷಿನಲ್ಲಿ ಉತ್ತರಿಸುವುದು ಆಗ ನಮ್ಮ ಮನೆಯ ಪದ್ಧತಿ. ನನಗೆ ಕನ್ನಡ ಬರುತ್ತಿರಲಿಲ್ಲ ಎಂದಲ್ಲ. ಅದಕ್ಕೆ ಮುಂಚೆ ಮೈಸೂರಿಗೆ ಹೋಗಿದ್ದಾಗ ಮಾವನ ಮಗ ಚಿಂತನ್ ನನ್ನ ಕನ್ನಡವನ್ನು ಒಂದು ಆಟ ಮಾಡಿಕೊಂಡಿದ್ದ. ಮನೆಗೆ ಬಂದವರ ಮುಂದೆಲ್ಲ ನನ್ನನ್ನು ನಿಲ್ಲಿಸಿ, "ಮೇಧಾ, ಮಜ್ಜಿಗೆಹುಳಿ ಅನ್ನೇ, ಇನ್ನೊಂದ್ಸಲ ಅನ್ನೇ" ಎನ್ನುವನು. ಅಂದರೆ ನಗು. ಅನ್ನದಿದ್ದರೆ "ಜಪಾನ್ ರಾಣಿಗೆ ಕೋಪ ಬಂತು" ಎಂದು ಇನ್ನಷ್ಟು ನಗು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ವಾಪಸು ಬರುವ ವಿಮಾನದಲ್ಲಿ, ಇನ್ನು ಯಾರಿಗೂ ಆ ಸುಖ ಕೊಡುವುದಿಲ್ಲ ಎಂದು ತೀರ್ಮಾನಿಸಿದೆ. ನಾನು ತೀರ್ಮಾನಗಳನ್ನು ಬಾಯಿಬಿಟ್ಟು ಹೇಳುವವಳಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರೂ ಅದು ಜಪಾನಿನಲ್ಲಿ ಬೆಳೆಯುವ ಮಕ್ಕಳಿಗೆ ತಾನಾಗಿ ಆಗುವಂಥದ್ದು ಎಂದುಕೊಂಡರು. ಭಾನುವಾರದ ವಿಡಿಯೊ ಕರೆಯಲ್ಲಿ ಮೈಸೂರಿನ ತಾತ, ಅಂದರೆ ಅಮ್ಮನ ಅಪ್ಪ, ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಏನಮ್ಮ, ಏನು ಸಮಾಚಾರ?" ಬೇರೆ ಹಿರಿಯರ ಬಾಯಲ್ಲಿ ಅದು ಬರೀ ಮಾತಿನ ಶುರು. ತಾತ ನಿಜವಾಗಿಯೂ ಸಮಾಚಾರ ಕೇಳುತ್ತಿದ್ದರು. ತಮ್ಮ ಮನೆಯ ಪತ್ರಿಕೆ ಓದಿ ಮುಗಿಸಿ, ಎದುರು ಮನೆಯವರ ಪತ್ರಿಕೆಗೆ ಅದನ್ನು ಬದಲಾಯಿಸಿಕೊಂಡು ಬರುವಂಥವರು ಅವರು. ನಾನು "ಫೈನ್, ತಾತ" ಎಂದು ಫೋನನ್ನು ಅಮ್ಮನ ಕೈಗೆ ಕೊಡುತ್ತಿದ್ದೆ.

ನೋಟಿಸು ಕಂಡ ಸಂಜೆ ಅಮ್ಮ ಸ್ಟೇಷನ್ ಬಳಿಯ ಅಂಗಡಿಯಿಂದ ಎರಡು ಬಿಸ್ಕತ್ತಿನ ಡಬ್ಬಿ ತರಿಸಿದಳು. ಇಲ್ಲಿ ಕ್ಷಮೆ ಕೇಳಲು ಬರಿಗೈಯಲ್ಲಿ ಹೋಗುವುದಿಲ್ಲ. ಎಡಗಡೆಯ ಮನೆಯ ಹೆಂಗಸು ಡಬ್ಬಿ ತೆಗೆದುಕೊಂಡು ಬಾಗಿದರು, ಅಮ್ಮ ಅದಕ್ಕಿಂತ ತಗ್ಗಿ ಬಾಗಿದಳು, ಅವರು ಇನ್ನೂ ತಗ್ಗಿದರು. ಬಲಗಡೆಯ ಮನೆಯ ಬಾಗಿಲು ಸರಪಳಿಯಷ್ಟೇ ತೆರೆಯಿತು. ಒಳಗೆ ಐವತ್ತು ದಾಟಿದ, ಕೆಂಪು ಕೂದಲು ನರೆಯುತ್ತಿದ್ದ ಒಬ್ಬ ಹೆಂಗಸು. ಅವರೇ ನೋರೀನ್. ಐರ್ಲೆಂಡಿನ ಪಶ್ಚಿಮ ಕರಾವಳಿಯವರು. ಇಂಗ್ಲಿಷ್ ಮಾತನಾಡಲು ಕಲಿಸುವ ಶಾಲೆಯೊಂದರಲ್ಲಿ ಟೀಚರ್ ಆಗಿದ್ದರು, ಶಾಲೆ ಆಗ ಬಾಗಿಲು ಹಾಕಿತ್ತು. ಅಮ್ಮ ತನ್ನ ಇಂಗ್ಲಿಷಿನಲ್ಲಿ ಮೆಣಸಿನಕಾಯಿಯ ಕಥೆ ಹೇಳಿದಾಗ ಅವರು ಸರಪಳಿ ತೆಗೆದು, ಬಾಗಿಲಿಗೆ ಒರಗಿಕೊಂಡು ಜೋರಾಗಿ ನಕ್ಕರು.

"ಅದು ನೀವಾ! ನನಗೂ ಆ ಕಾಯಿಲೆ ಬಂತು ಅಂತ ನಿನ್ನೆಯಿಂದ ತಂಗಿಗೆ ಎರಡು ಸಲ ಫೋನ್ ಮಾಡಿ ಅತ್ತಿದೀನಿ."

ಡಬ್ಬಿ ಬೇಡವೇ ಬೇಡ ಎಂದರು. ಅಮ್ಮ ಪ್ಲೀಸ್ ಎಂದಳು. ಅಯ್ಯೋ ಬೇಡ ಎಂದರು. ಅಮ್ಮ ಡಬ್ಬಿಯನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಮೂರನೆಯ ಸಲ ಬೇಡ ಎನ್ನುತ್ತಲೇ ನೋರೀನ್ ಅದನ್ನು ಎತ್ತಿಕೊಂಡರು. ಮನೆಗೆ ಬಂದ ಮೇಲೆ ಅಮ್ಮ ಚಪ್ಪಲಿ ಬಿಡುತ್ತ, "ನಮ್ಮೋರ ಥರಾನೇ ಇದಾರೆ ಕಣೇ. ಬೇಡ ಅನ್ನೋದು ಹೇಗೆ ಅಂತ ಗೊತ್ತು ಅವ್ರಿಗೆ" ಎಂದು ಮೆಚ್ಚಿಕೊಂಡಳು. ಆ ಬಾಗಿಲಲ್ಲೇ ಇನ್ನೊಂದು ಮಾತೂ ಆಗಿತ್ತು. ಶನಿವಾರದ ಸಂಜೆಗಳಲ್ಲಿ ಐರಿಷ್ ಭಾಷೆಯಲ್ಲಿ ಮಾತಾಡುವ ಒಂದು ಸಣ್ಣ ಕೂಟವನ್ನು ನೋರೀನ್ ನಡೆಸುತ್ತಿದ್ದರಂತೆ. ಅವರು ಸೇರುತ್ತಿದ್ದ ಸಮುದಾಯ ಭವನ ಮುಚ್ಚಿತ್ತು, ಆನ್‌ಲೈನ್ ಮಾಡಲು ಅವರಿಗೆ ಬಾರದು. "ಮೈ ಡಾಟರ್ ವಿಲ್ ಡೂ" ಎಂದಳು ಅಮ್ಮ, ನನ್ನ ಮುಖವನ್ನೂ ನೋಡದೆ. ಐರ್ಲೆಂಡಿಗೆ ಇಂಗ್ಲಿಷಲ್ಲದೆ ತನ್ನದೇ ಒಂದು ಭಾಷೆ ಇದೆ ಎಂದು ನನಗೆ ಗೊತ್ತಾದದ್ದೇ ಆ ಕ್ಷಣ.

ಮನೆಯಲ್ಲಿ ಜಾಗ ಎಲ್ಲಿ? ಹಾಲಿನ ಊಟದ ಮೇಜು ಅಪ್ಪನ ಆಫೀಸಾಗಿತ್ತು. ಬೆಳಗ್ಗೆಯಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾಣದ ಜನಕ್ಕೆ "ಕ್ಯಾನ್ ಯೂ ಸೀ ಮೈ ಸ್ಕ್ರೀನ್" ಎಂದು ಕೇಳುತ್ತಿದ್ದ. ನಾವು ಅವನ ಹಿಂದೆ ಬೆನ್ನು ಬಗ್ಗಿಸಿ ಓಡಾಡುತ್ತಿದ್ದೆವು. ಚಾಪೆಯ ಕೋಣೆಯಲ್ಲಿ ಹಾಸಿಗೆ ಮಡಚಿಡಲು ಗೋಡೆಯೊಳಗೇ ಕಟ್ಟಿದ ದೊಡ್ಡ ಕಪಾಟಿತ್ತು. ಅಮ್ಮ ಅದರ ಮೇಲಿನ ಅಂತಸ್ತನ್ನು ದೇವರಿಗೂ ಕೆಳಗಿನದನ್ನು ಅಕ್ಕಿಮೂಟೆ, ಸೂಟ್‌ಕೇಸುಗಳಿಗೂ ಬಿಟ್ಟಿದ್ದಳು. ಬಾಗಿಲು ಹಾಕಿಕೊಂಡು ಕೂರಬಹುದಾದ ಸ್ಥಳ ಅದೊಂದೇ. ಕಪಾಟಿಗೆ ಬೆನ್ನು ಕೊಟ್ಟು ನಾನು ಚಾಪೆಯ ಮೇಲೆ ಕೂತೆ. ನನ್ನ ತಲೆಯ ಹಿಂದೆ ಗಣಪತಿ, ಚಾಮುಂಡೇಶ್ವರಿ, ಕರ್ಪೂರದ ಡಬ್ಬಿ. ಪರದೆಯಲ್ಲಿ ಮೂವರು. ಪಕ್ಕದ ಗೋಡೆಯಾಚೆಯ ನೋರೀನ್. ತ್ಸುಕುಬಾ ಎಂಬ ಊರಿನ ಹತ್ತೋರಿ ಸಾನ್; ಸಾನ್ ಎನ್ನುವುದು ಗೌರವಕ್ಕೆ. ಇವರು ಮಣ್ಣಿನ ವಿಜ್ಞಾನಿಯಾಗಿ ನಿವೃತ್ತರಾದವರು, ಜೌಗು ನೆಲ ನೋಡಲು ಐರ್ಲೆಂಡಿಗೆ ಹೋಗಿ ಭಾಷೆ ಹಿಡಿದುಕೊಂಡು ಬಂದವರು. ಇನ್ನೊಬ್ಬ ಯೋಕೋಹಾಮಾದ ಎಂಜಿನಿಯರ್ ಕೋಲಮ್. ಶಾಲೆಯಲ್ಲಿ ಬಲವಂತಕ್ಕೆ ಕಲಿತ ಭಾಷೆಯನ್ನು ಮೂವತ್ತರ ನಂತರ ಇಷ್ಟಪಟ್ಟು ಕಲಿಯುತ್ತಿದ್ದವನು.

ಕೂಟಕ್ಕೆ ನಿಯಮಗಳಿದ್ದವು. ಆ ಒಂದು ಹೊತ್ತಿನಲ್ಲಿ ಇಂಗ್ಲಿಷ್ ಇಲ್ಲ, ಜಪಾನಿಯೂ ಇಲ್ಲ. ಅವೆರಡೂ ಬೇರೆಯವರ ಪಾಲನ್ನೂ ತಿಂದುಬಿಡುವ ಭಾಷೆಗಳು ಎನ್ನುವರು ನೋರೀನ್. ಮೊದಲು ವಾರದ ಸುದ್ದಿ. ಒಬ್ಬೊಬ್ಬರೂ ಒಂದು ಸುದ್ದಿ ತರಬೇಕು, ನೋರೀನ್ ಮೊಟ್ಟೆ ಬೇಯಿಸಲು ಇಟ್ಟುಕೊಂಡಿದ್ದ ಪುಟ್ಟ ಗಡಿಯಾರ ತಿರುಗಿಸಿಡುತ್ತಾರೆ, ಅದು ಬಾರಿಸುವವರೆಗೆ ಅವರದೇ ಮಾತು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಆಮೇಲೆ ನಡವಳಿಕೆ. ಒಬ್ಬರ ಮನೆಗೆ ಹೋದಾಗ ಏನನ್ನಬೇಕು, ಟೀ ಎಷ್ಟು ಸಲ ಬೇಡವೆನ್ನಬೇಕು, ಕೆಲಸದಲ್ಲಿರುವವರನ್ನು ದಾಟಿ ಹೋಗುವಾಗ ಏನು ಹೇಳಬೇಕು. ಕೊನೆಯ ನಿಯಮವೇ ಎಲ್ಲರಿಗೂ ಕಷ್ಟ. ತಪ್ಪು ಮಾಡಿದ್ದಕ್ಕೆ ಕ್ಷಮೆ ಕೇಳುವಂತಿಲ್ಲ. ಸುಮಿಮಾಸೆನ್, ಅಂದರೆ ಕ್ಷಮಿಸಿ, ಎನ್ನದೆ ಬಾಗಿಲನ್ನೂ ತಳ್ಳದ ದೇಶದಲ್ಲಿ ಹತ್ತೋರಿ ಸಾನ್ ಪ್ರತಿ ವಾಕ್ಯಕ್ಕೂ ಮುಂಚೆ ತುಟಿ ಬಿಗಿಹಿಡಿಯುವುದು ಪರದೆಯಲ್ಲಿ ಕಾಣುತ್ತಿತ್ತು.

ನನ್ನ ಕೆಲಸ ಕೂಟದ ಕೊಂಡಿ ಕಳಿಸುವುದು, ಮೈಕು ನೋಡಿಕೊಳ್ಳುವುದು, ಅಷ್ಟೇ. ಒಂದು ಶನಿವಾರ ನೋರೀನ್ ನನ್ನನ್ನು ತೋರಿಸಿ ಏನೋ ಕೇಳಿದರು. ಮನೆಯೊಳಗೆ ಇದ್ದವರನ್ನು ಮಾತಾಡಿಸದೆ ಬಿಡುವುದು ಅವರ ಕಡೆ ಅವಮರ್ಯಾದೆಯಂತೆ. ಆ ಸೋಮವಾರದಿಂದ ಬಾಲ್ಕನಿಯ ಪಾಠ ಶುರುವಾಯಿತು. ಎರಡು ಮನೆಗಳ ಬಾಲ್ಕನಿಗಳ ನಡುವೆ, ಬೆಂಕಿ ಬಿದ್ದರೆ ಒಡೆದು ದಾಟಲೆಂದು ನಿಲ್ಲಿಸಿದ ತೆಳ್ಳನೆಯ ಹಲಗೆ. ನಾನು ಈಚೆ ಒದ್ದೆ ಬಟ್ಟೆ ಕೊಡವಿ ಹಾಕುತ್ತಿದ್ದೆ, ಅವರು ಆಚೆಯಿಂದ ಒಂದೊಂದು ವಾಕ್ಯ ಹೇಳುತ್ತಿದ್ದರು, ನಾನು ಹಲಗೆಗೆ ಹೇಳುತ್ತಿದ್ದೆ. ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಬಹುಶಃ ಅದಕ್ಕೇ ನಾನು ಕಲಿತೆ. ಆ ಭಾಷೆಯಲ್ಲಿ ನಾನು ಯಾರ ಮಗಳೂ ಮೊಮ್ಮಗಳೂ ಆಗಿರಲಿಲ್ಲ, ನನ್ನ ಬಾಯಿಂದ ಅದು ಹೀಗೇ ಬರಬೇಕಿತ್ತು ಎಂದು ಯಾರೂ ಕಾದು ಕೂತಿರಲಿಲ್ಲ.

ಒಂದು ಮಧ್ಯಾಹ್ನ ಬಟ್ಟೆ ಬುಟ್ಟಿ ಹಿಡಿದು ಒಳಗೆ ಬರುವಾಗ ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು. ಬಾಯಲ್ಲಿ ಇನ್ನೂ ಪಾಠವೇ ಇತ್ತು. "ಬಲ್ ಓ ಯೀಯ ಎರ್ ಅನ್ ಉಬಿರ್" ಎಂದುಬಿಟ್ಟೆ. ಮಾಡುತ್ತಿರುವ ಕೆಲಸದ ಮೇಲೆ ದೇವರ ದಯೆ ಇರಲಿ ಎಂದು ಅರ್ಥ, ಕೆಲಸದಲ್ಲಿರುವವರನ್ನು ಕಂಡರೆ ಹೀಗೆ ಹೇಳದೆ ಹೋಗಬಾರದು ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಅಮ್ಮ ಲಟ್ಟಣಿಗೆ ನಿಲ್ಲಿಸಿದಳು.

"ಇಷ್ಟು ವರ್ಷ ಈ ಒಲೆ ಮುಂದೆ ನಿಂತಿದೀನಿ. ಹಾಗೊಂದು ಮಾತು ಅಂದೋರು ನೀನೇ ಮೊದ್ಲು ಕಣೇ." ಹಾಲಿನ ಕಡೆ ತಿರುಗಿ, "ರೀ, ಕೇಳಿಸ್ತಾ?"

ಅಪ್ಪ ಹೆಡ್‌ಫೋನಿನ ಒಂದು ಕಿವಿ ಸರಿಸಿದ. "ಸುಮಾ, ಐಯಾಮ್ ಆನ್ ಎ ಕಾಲ್."

ಅಪ್ಪನಿಗೆ ಈ ಶನಿವಾರಗಳು ಹಿಡಿಸಿರಲಿಲ್ಲ. ಆ ವರ್ಷ ನಾನು ಮಿಡ್ಲ್ ಸ್ಕೂಲಿನ ಕೊನೆಯ ತರಗತಿ. ಮುಂದಿನ ವರ್ಷದ ಶುರುವಿನಲ್ಲಿ ಹೈಸ್ಕೂಲಿನ ಪ್ರವೇಶ ಪರೀಕ್ಷೆ. ಜಪಾನಿನಲ್ಲಿ ಆ ಪರೀಕ್ಷೆ ಇಡೀ ಮನೆಯನ್ನೇ ಕೂರಿಸಿ ಬರೆಸುತ್ತದೆ.

"ಫ್ರೆಂಚ್ ಆಗಿದ್ರೆ ಸರಿ, ಜರ್ಮನ್ ಆಗಿದ್ರೆ ಸರಿ. ಐರಿಷ್ ಯಾರ್ ಮಾತಾಡ್ತಾರೆ ಹೇಳು? ಐರ್ಲೆಂಡಲ್ಲೇ ಎಲ್ರೂ ಇಂಗ್ಲಿಷ್ ಮಾತಾಡ್ತಾರೆ," ಎಂದ ಅಪ್ಪ.

"ಬೆಂಗಳೂರಲ್ಲೋ?" ಅಡುಗೆಮನೆಯಿಂದ ಅಮ್ಮನ ದನಿ.

ಅಪ್ಪ ಮತ್ತೆ ಹೆಡ್‌ಫೋನ್ ಸಿಕ್ಕಿಸಿಕೊಂಡ. ನಾನು ಆ ಶನಿವಾರವೂ ಕಪಾಟಿನ ಮುಂದೆ ಕೂತೆ. ನನ್ನ ಸುದ್ದಿ, ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಎಲ್ಲರೂ ಗೋಡೆಗೆ ಮುಖ ಮಾಡಿ, ಮಾತಾಡದೆ ಉಣ್ಣಬೇಕು ಎಂಬ ಹೊಸ ಕಟ್ಟಳೆ. ನನಗೆ ಅದರಿಂದ ಏನೂ ಬದಲಾಗಿಲ್ಲ, ಮೊದಲೂ ನಾನು ಮಾತಾಡುತ್ತಿರಲಿಲ್ಲ ಎಂದು ಐರಿಷಿನಲ್ಲಿ ಹೇಳಿದೆ. ಕೋಲಮ್ ನಕ್ಕ. ನಾನು ಒಂದು ಭಾಷೆಯಲ್ಲಿ ಬೇಕೆಂದೇ ನಗಿಸಿದ್ದು ಅದೇ ಮೊದಲು.

ಅಮ್ಮ ಆ ಕೂಟದೊಳಕ್ಕೆ ಬಂದದ್ದು ನೈಟಿಯಲ್ಲಿ. ಸಂಜೆಯ ದೀಪ ಹಚ್ಚುವ ಹೊತ್ತಾಗಿತ್ತು, ದೇವರು ನನ್ನ ತಲೆಯ ಹಿಂದಿದ್ದರು. ಅವಳು ಮೆಲ್ಲಗೆ ಬಾಗಿಲು ಸರಿಸಿ, ನನ್ನ ಮೇಲಿಂದ ಬಗ್ಗಿ ಬೆಂಕಿಕಡ್ಡಿ ಗೀರಿದಳು. ಪರದೆಯಿಂದ ಮೂರು ಕಂಠಗಳು ಒಟ್ಟಿಗೆ "ಜೀಯ ಗ್ವಿಚ್!" ಎಂದವು. ದೇವರು ನಿಮ್ಮೊಂದಿಗಿರಲಿ ಎನ್ನುವ ನಮಸ್ಕಾರ ಅದು. ಅಮ್ಮ ಕಡ್ಡಿ ಬಿಸುಟು ಕಪಾಟಿನ ಮರೆಗೆ ಕುಸಿದು ಕೂತಳು.

"ಕ್ಯಾಮರಾ ಆನಿದೆ ಅಂತ ಹೇಳ್ಬಾರ್ದೇನೇ, ಪಾಪಿ!"

ಮರುವಾರ ಅವಳು ತಲೆ ಬಾಚಿ, ಇಸ್ತ್ರಿ ಮಾಡಿದ ಹತ್ತಿಯ ಸೀರೆಯುಟ್ಟು ದೀಪ ಹಚ್ಚಲು ಬಂದಳು, ಹಚ್ಚಿ ಅಲ್ಲೇ ಕೂತಳು. ನೋರೀನ್ ಅವಳನ್ನು ಏನೋ ಕೇಳಿದರು. ಅಮ್ಮ ನನ್ನತ್ತ ತಿರುಗಿದಳು. ನಾನು ಅದನ್ನು ಅವಳಿಗೆ ಮುಟ್ಟಿಸಬೇಕು, ಇಂಗ್ಲಿಷ್ ಕೂಡದು, ಜಪಾನಿ ಕೂಡದು. ಉಳಿದದ್ದು ಒಂದೇ. ಮೊಟ್ಟೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. "ಅಮ್ಮ, ದೀಪ ಯಾಕೆ ಸಂಜೆ ಹಚ್ಚೋದು ಅಂತ ಕೇಳ್ತಿದಾರೆ," ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು. ಅದು ಸರಿಯಾಗಿ ಬಂತೋ ಇಲ್ಲವೋ ಎಂದು ತೂಗಬಲ್ಲವರು ಆ ಪರದೆಯಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿದ್ದ ಒಬ್ಬಳು ತೂಗಲಿಲ್ಲ. ಏನೂ ಆಗಿಲ್ಲವೆಂಬಂತೆ ಅಮ್ಮ ಉತ್ತರ ಹೇಳಿದಳು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದುದು ಮಾತ್ರ ನನಗೆ ಕಂಡಿತು. ಅಂದಿನಿಂದ ಶನಿವಾರದ ಆ ಹೊತ್ತು ನಾವಿಬ್ಬರೂ ಕನ್ನಡದಲ್ಲಿ ಮಾತಾಡಿದೆವು. ಊಟದ ಹೊತ್ತಿಗೆ ನಾನು ಮತ್ತೆ ಇಂಗ್ಲಿಷಿಗೆ ಮರಳುತ್ತಿದ್ದೆ. ಅವಳು ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ನಾನು ನಿಲ್ಲಿಸುತ್ತಿದ್ದೆ, ಅದು ಅವಳಿಗೆ ಗೊತ್ತಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಮೈಸೂರಿನಿಂದ ಮಾವನ ಫೋನು ಬಂತು. ತಾತನ ಹೃದಯ ಸೋಲುತ್ತಿದೆ, ಆಸ್ಪತ್ರೆಗಳಲ್ಲಿ ಜಾಗವಿಲ್ಲ, ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದಾರೆ. "ಅಕ್ಕ, ಬರೋ ಹಾಗಿದ್ರೆ ಈಗ್ಲೇ ಬಾ." ಆಗ ಜಪಾನು ಗಡಿ ಮುಚ್ಚಿತ್ತು. ಭಾರತದಿಂದ ಬರುವ ವಿದೇಶೀಯರನ್ನು, ಇಲ್ಲೇ ಮನೆ ಮಾಡಿಕೊಂಡು ವೀಸಾ ಇದ್ದವರನ್ನೂ, ಒಳಗೆ ಬಿಡುತ್ತಿರಲಿಲ್ಲ. ಇಲ್ಲಿಂದ ಹೋಗಲು ಆಗೊಂದು ಈಗೊಂದು ವಿಶೇಷ ವಿಮಾನವಿತ್ತು. ಹೋದವರು ಯಾವಾಗ ಹಿಂದಿರುಗಬಹುದು ಎಂದು ಯಾರೂ ಹೇಳುತ್ತಿರಲಿಲ್ಲ. ಅಪ್ಪ ಒಂದೇ ಸಲ ಹೇಳಿದ: "ಈಗ ಬೇಡ ಸುಮಾ." ಅಮ್ಮ ತಲೆಯಾಡಿಸಿದಳು. ಮರುದಿನದಿಂದ ಅನ್ನಕ್ಕೆ ಉಪ್ಪು ಹಾಕುವುದು, ಸಾರಿಗೆ ಉಪ್ಪು ಮರೆಯುವುದು ನಡೆಯಿತು. ಅಪ್ಪನೂ ನಾನೂ ಅದನ್ನೇ ಉಂಡೆವು.

ಆ ಶನಿವಾರ ಕೂಟದಲ್ಲಿ ನಡವಳಿಕೆಯ ಸರದಿಗೆ ಸಾವಿನ ಮನೆಗೆ ಹೋಗುವ ರೀತಿ ಬಂದಿತ್ತು. ನೋರೀನ್‌ಗೆ ನಮ್ಮ ಸುದ್ದಿ ಇನ್ನೂ ಗೊತ್ತಿರಲಿಲ್ಲ. ಅವರ ಊರಿನಲ್ಲಿ ದುಃಖದಲ್ಲಿರುವವರ ಕೈ ಹಿಡಿದು ಒಂದು ಮಾತು ಹೇಳಬೇಕು: ನಿಮಗೆ ಬಂದ ಈ ಸಂಕಟ ನನಗೂ ಒಪ್ಪಿಗೆಯಿಲ್ಲ ಎಂಬಂಥ ಮಾತು. ನಿಮ್ಮಲ್ಲಿ ಹೇಗೆ ಎಂದು ಅಮ್ಮನನ್ನು ಕೇಳಿದರು. ನಮ್ಮಲ್ಲಿ ಹೋಗಿ ಸುಮ್ಮನೆ ಕೂರುವುದು, ಏಳುವಾಗ ಬರುತ್ತೇವೆ ಎಂದೂ ಹೇಳದೆ ಎದ್ದು ಬರುವುದು ಎಂದಳು ಅಮ್ಮ. ಹತ್ತೋರಿ ಸಾನ್ ತಲೆಯಾಡಿಸುತ್ತ ಎರಡನ್ನೂ ಬರೆದುಕೊಂಡರು.

ಮುಂದಿನ ವಾರ ಸುದ್ದಿಯ ಸರದಿ ಬಂದಾಗ ಅಮ್ಮ ತಾನೇ ಕೈಯೆತ್ತಿದಳು. ಗಡಿಯಾರ ತಿರುಗಿತು. ಅವಳು ಕನ್ನಡದಲ್ಲಿ ಹೇಳುತ್ತ ಹೋದಳು, ನಾನು ಹಿಂದೆಯೇ ಐರಿಷಿನಲ್ಲಿ ಹೇಳುತ್ತ ಹೋದೆ: ಗಡಿ ಮುಚ್ಚಿದೆ, ನನ್ನ ಅಪ್ಪನಿಗೆ ಹುಷಾರಿಲ್ಲ, ಹೋದರೆ ಮಗಳ ಹತ್ತಿರ ವಾಪಸು ಬಿಡುವುದಿಲ್ಲ. ನಮಗಿಬ್ಬರಿಗೂ ಅದು ಬರೀ ಸುದ್ದಿಯ ಹಾಗೆ ಹೇಳಲು ಬಂತು. ಅವಳು ಮುಗಿಸಿದಳು. ಆಮೇಲೆ ಹತ್ತೋರಿ ಸಾನ್ ಬೆನ್ನು ನೆಟ್ಟಗೆ ಮಾಡಿ ಕೂತು, ತಮಗೆ ಗೊತ್ತಿದ್ದ ಅತ್ಯಂತ ಗೌರವದ ಮಾತನ್ನು ನಿಧಾನವಾಗಿ, ಒಂದಕ್ಷರ ತಪ್ಪದೆ ಅಮ್ಮನಿಗೆ ಹೇಳಿದರು. ಹಿಂದಿನ ವಾರ ಕಲಿತ ಮಾತು. ನೋರೀನ್ ಬಾಯಿಗೆ ಕೈ ಅಡ್ಡ ಹಿಡಿದರು. ಅದು ಸಾವು ಆದ ಮೇಲಷ್ಟೇ ಹೇಳುವ ಮಾತು ಎಂದು ಮೆಲ್ಲಗೆ ತಿದ್ದಿದರು.

"ಏನಂದ್ರೇ ಅವ್ರು?" ಅಮ್ಮ ನನ್ನನ್ನು ಕೇಳಿದಳು.

ಬೇರೇನಾದರೂ ಹೇಳಬಹುದಿತ್ತು. ಬೇಗ ಗುಣವಾಗಲಿ ಅಂದರು ಎಂದರೆ ಮುಗಿಯುತ್ತಿತ್ತು. ಆದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವಾಗ ನಡುವೆ ನಿಂತವಳು ಅದನ್ನು ಬದಲಾಯಿಸಿದರೆ, ಆ ಮನೆಯಲ್ಲಿ ಇನ್ನು ಯಾವ ಮಾತನ್ನು ನಂಬುವುದು? "ಹೋದ ವಾರ ಹೇಳಿದ್ರಲ್ಲ, ಸಾವಿನ ಮನೇಲಿ ಹೇಳೋ ಮಾತು, ಅದನ್ನ ಹೇಳಿದ್ರು. ಗೊತ್ತಿಲ್ದೆ," ಎಂದೆ.

ಅಮ್ಮ ದೀಪದ ಕಡೆ ಬಾಗಿದಳು. ಬತ್ತಿ ಮುಂದೆ ಮಾಡಿದಳು. ಆಮೇಲೆ ಪರದೆಯ ಕಡೆ ತಿರುಗಿದಳು.

"ಬೇಜಾರು ಮಾಡ್ಕೋಬೇಡಿ ಅನ್ನು. ಆ ಮಾತನ್ನ ಜೋಪಾನವಾಗಿ ಇಟ್ಕೊಂಡಿರಿ ಅನ್ನು. ಅದನ್ನ ಹೇಳೋ ಹೊತ್ತು ಬಂದಾಗ ನಾನು ಇಲ್ಲಿ ಕೂತಿರೋದಿಲ್ಲ, ನಮ್ಮಪ್ಪನ ಪಕ್ಕದಲ್ಲಿರ್ತೀನಿ ಅನ್ನು."

ನಾನು ಹೇಳಿದೆ. ಹತ್ತೋರಿ ಸಾನ್ ಎಲ್ಲ ನಿಯಮ ಮುರಿದು ಜಪಾನಿಯಲ್ಲಿ ಕ್ಷಮೆ ಕೇಳುತ್ತ ಎಷ್ಟು ತಗ್ಗಿ ಬಾಗಿದರೆಂದರೆ ಚೌಕಟ್ಟಿನಲ್ಲಿ ಅವರ ಬಿಳಿಯ ನೆತ್ತಿ ಮಾತ್ರ ಉಳಿಯಿತು. ಅಷ್ಟರಲ್ಲಿ ನೋರೀನ್‌ರ ಗಡಿಯಾರ ಬಾರಿಸಿತು.

ಭಾನುವಾರ ಊಟದ ಹೊತ್ತಿಗೆ ಅಪ್ಪ ಲ್ಯಾಪ್‌ಟಾಪು ಮುಚ್ಚಿ ಪಕ್ಕಕ್ಕಿಟ್ಟಿದ್ದ, ಮೇಜು ಮತ್ತೆ ಊಟದ ಮೇಜಾಗಿತ್ತು. ನಾನು ನೋರೀನ್‌ರಿಂದ ಆ ಗಡಿಯಾರವನ್ನು ಒಂದು ಹೊತ್ತಿಗೆಂದು ಕೇಳಿ ತಂದಿದ್ದೆ. ಬಾಲ್ಕನಿಯ ಹಲಗೆಯ ಅಂಚಿನಿಂದ ಅವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ದಾಟಿಸಿದ್ದರು. ಮೊಸರಿನ ಬಟ್ಟಲ ಪಕ್ಕ ಅದನ್ನಿಟ್ಟೆ. ಒಬ್ಬೊಬ್ಬರೇ ಮಾತಾಡಬೇಕು, ಇದು ಬಾರಿಸುವ ತನಕ ಬೇರೆಯವರು ಬಾಯಿ ಹಾಕಬಾರದು, ಯಾರೂ ಸಾರಿ ಅನ್ನಬಾರದು ಎಂದೆ. ಕನ್ನಡದಲ್ಲಿ ಎಂದೆ. ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಮೊದಲು ನನ್ನನ್ನು, ಆಮೇಲೆ ಅಮ್ಮನನ್ನು ನೋಡಿದ. ಮೊದಲ ಸರದಿ ಅವನಿಗೇ ಕೊಟ್ಟೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ: ವೀಸಾ, ಪರೀಕ್ಷೆ, ವಿಮಾನದಲ್ಲಿ ಸೋಂಕು ತಗಲಿದರೆ, ಅಲ್ಲಿ ಇವಳಿಗೇ ಆಸ್ಪತ್ರೆ ಸಿಗದಿದ್ದರೆ. ಎಲ್ಲ ಹೇಳಿ ಮುಗಿಸಿದರೂ ಗಡಿಯಾರ ಬಾರಿಸಲಿಲ್ಲ. ಯಾರೂ ನಡುವೆ ಬಾಯಿ ಹಾಕದ ಕಾರಣ ಅವನಿಗೆ ಇನ್ನೂ ಹೊತ್ತು ಉಳಿದಿತ್ತು.

"ನಿನಗೆ ವಾಪಸ್ ಬರಕ್ಕಾಗ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ?" ಎಂದ ಕೊನೆಗೆ. ಇದು ಮುಂಚಿನ ಮಾತುಗಳ ದನಿಯಲ್ಲಿರಲಿಲ್ಲ.

ಅಮ್ಮ ತನ್ನ ಸರದಿಯಲ್ಲಿ ಒಂದೇ ಮಾತು ಹೇಳಿದಳು. "ನಾನ್ ಹೋಗೋದು ನಮ್ಮಪ್ಪನ್ನ ನೋಡಕ್ಕೆ ರೀ, ನಿಮ್ಮನ್ನ ಬಿಟ್ಟು ಅಲ್ಲ. ಗಡಿ ತೆಗೆದ ದಿನ ಮೊದಲ್ನೇ ವಿಮಾನದಲ್ಲಿರ್ತೀನಿ."

ನನ್ನ ಸರದಿ ಬಂತು. ಕಸವನ್ನು ಯಾವ ದಿನ ಯಾವ ಚೀಲದಲ್ಲಿ ಹಾಕಬೇಕೆಂಬುದು ನನಗೆ ಗೊತ್ತು, ಅನ್ನ ಮಾಡಲು ಬರುತ್ತದೆ, ಸಾರು ಕಲಿಯುತ್ತೇನೆ, ಪರೀಕ್ಷೆ ಬರೆಯುವವಳು ನಾನು, ಅದನ್ನು ಅಮ್ಮ ಬರೆಯುವುದಿಲ್ಲ ಎಂದೆ. "ಅಮ್ಮ ಹೋಗ್ಲಿ ಅಪ್ಪ. ಹೋಗ್ದೆ ಇಲ್ಲೇ ಇದ್ರೆ ಅವಳು ಇಲ್ಲೂ ಇರಲ್ಲ." ಹೇಳುತ್ತಿದ್ದಂತೆ ಗಡಿಯಾರ ಬಾರಿಸಿ ನಾವು ಮೂವರೂ ಬೆಚ್ಚಿದೆವು. ಅಪ್ಪ ತುತ್ತನ್ನು ತಟ್ಟೆಗೆ ಬಿಟ್ಟ.

"ಇವಳಿಗೆ ಇಷ್ಟ್ ಕನ್ನಡ ಯಾವಾಗ್ ಬಂತು?"

"ಐರಿಷ್ ಕ್ಲಾಸಲ್ಲಿ," ಎಂದಳು ಅಮ್ಮ, ಮೊಸರು ಬಡಿಸುತ್ತ.

ಅಮ್ಮ ಹೊರಟ ಬೆಳಗ್ಗೆ ಮಳೆ ಬಿಟ್ಟಿತ್ತು. ಚಪ್ಪಲಿ ಬಿಡುವ ಜಾಗದಲ್ಲಿ ಸೂಟ್‌ಕೇಸು ನಿಂತಿತ್ತು. ಅವಳು ಕುಂಕುಮದ ಬಟ್ಟಲನ್ನು ನನ್ನ ಕೈಗಿಟ್ಟು, "ಮನೆಯಿಂದ ಹೊರಡೋ ಹೆಂಗಸಿಗೆ ಮನೇಲಿರೋ ಹೆಂಗಸು ಕೊಡ್ಬೇಕು. ಈಗ ನೀನೇ ಅಲ್ವಾ," ಎಂದಳು. ನಾನು ಅವಳ ಹಣೆಗಿಟ್ಟೆ. ನಾನು ಇಟ್ಟದ್ದು ಸ್ವಲ್ಪ ಓರೆಯಾಯಿತು, ಅವಳು ಸರಿಮಾಡಿಕೊಳ್ಳಲಿಲ್ಲ. ಹೊರಗೆ ನೋರೀನ್ ಮಾಸ್ಕ್ ಹಾಕಿಕೊಂಡು ದೂರದಲ್ಲಿ ಗೋಡೆಗೆ ಅಂಟಿ ನಿಂತಿದ್ದರು. ಪ್ರಯಾಣಕ್ಕೆ ಹೇಳುವ ಹಾರೈಕೆಯನ್ನು ಅವರ ಭಾಷೆಯಲ್ಲಿ ಹೇಳಿದರು, ಅಮ್ಮ ನನ್ನ ಕಡೆ ತಿರುಗದೆ ತಾನೇ ಉತ್ತರ ಕೊಟ್ಟಳು. ಲಿಫ್ಟಿನ ಬಾಗಿಲು ಮುಚ್ಚಿತು. ಅವಳ ಮನೆಯೊಳಗಿನ ಚಪ್ಪಲಿಗಳು ಹೊಸ್ತಿಲ ಬಳಿ ಬಿದ್ದಿದ್ದವು. ಇಲ್ಲಿ ಹೊರಡುವವರ ಅನುಕೂಲಕ್ಕೆ ಚಪ್ಪಲಿಗಳನ್ನು ಬಾಗಿಲಿನತ್ತ ತಿರುಗಿಸಿಡುತ್ತಾರೆ. ನಾನು ಅವುಗಳನ್ನು ಒಳಮುಖವಾಗಿ ತಿರುಗಿಸಿಟ್ಟೆ.

ಸಾರು ಕಲಿಯುವುದು ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮೊದಲ ಸಲ ಮೆಣಸಿನಕಾಯಿ ಹುರಿಯಲು ನಿಂತಾಗ ಕಿಟಕಿಗಳನ್ನೆಲ್ಲ ಮುಚ್ಚಿ ಟವೆಲ್ ಒತ್ತಿದೆ. ಬಾಲ್ಕನಿಯ ಹಲಗೆಯನ್ನು ಯಾರೋ ತಟ್ಟಿದರು. "ಕಿಟಕಿ ತೆಗಿ, ಒಟ್ಟಿಗೇ ಕೆಮ್ಮೋಣ," ಎಂದು ನೋರೀನ್ ಐರಿಷಿನಲ್ಲಿ ಕೂಗಿದರು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತ. ಸಾರು ಕಹಿಯಾಯಿತು. ಅಪ್ಪ ಎರಡನೆಯ ಸಲವೂ ಬಡಿಸಿಕೊಂಡ.

ಮೈಸೂರಿನಲ್ಲಿ ಅಮ್ಮ ಮೊದಲು, ಸೋಂಕಿನ ನಿಯಮದಂತೆ, ಮಹಡಿಯ ಕೋಣೆಯಲ್ಲಿ ಒಬ್ಬಳೇ ಇರಬೇಕಾಯಿತು. ಅದು ಮುಗಿದು ಅವಳು ತಾತನ ಮಂಚದ ಬಳಿ ಬಂದ ವಾರ, ಶನಿವಾರದ ಕೂಟಕ್ಕೆ ನಾನು ಅವಳಿಗೂ ಕೊಂಡಿ ಕಳಿಸಿದೆ. ನಮ್ಮಲ್ಲಿ ದೀಪದ ಹೊತ್ತು, ಅಲ್ಲಿ ಊಟವಾಗಿ ಪತ್ರಿಕೆ ಬಿಡಿಸುವ ಹೊತ್ತು. ಅಮ್ಮನಿಲ್ಲದ ಮನೆಯಲ್ಲಿ ದೀಪ ಅಪ್ಪನ ಪಾಲಿಗೆ ಬಂದಿತ್ತು. ಅವನು ಬಾಗಿಲು ಸರಿಸಿ ಒಳಗೆ ಬಂದು ನನ್ನ ಮೇಲಿಂದ ಬಗ್ಗಿ ಕಡ್ಡಿ ಗೀರುತ್ತಿದ್ದಂತೆ ಪರದೆಯ ಮಂದಿ "ಜೀಯ ಗ್ವಿಚ್" ಎಂದರು. ಅಪ್ಪ ತಿರುಗಲಿಲ್ಲ. ಬತ್ತಿಗೆ ಬೆಂಕಿ ಹಿಡಿಸುತ್ತಲೇ, ಆ ನಮಸ್ಕಾರಕ್ಕೆ ಕೊಡಬೇಕಾದ ಉದ್ದನೆಯ ಮರುನಮಸ್ಕಾರವನ್ನು ಪೂರ್ತಿ ಹೇಳಿ ಹೊರಗೆ ಹೋದ. ಇಷ್ಟು ದಿನ ಆ ತೆಳ್ಳನೆಯ ಬಾಗಿಲಾಚೆ ಅವನ ಒಂದು ಕಿವಿಯ ಹೆಡ್‌ಫೋನು ಸರಿದೇ ಇತ್ತೆಂದು ಆಗ ತಿಳಿಯಿತು.

ಮೈಸೂರಿನ ಚೌಕದಲ್ಲಿ ಚಿತ್ರ ಅಲುಗಾಡಿತು. ಫೋನು ಹಿಡಿದಿದ್ದವನು ಚಿಂತನ್. ಅಮ್ಮ ದಿಂಬು ಒತ್ತು ಕೊಟ್ಟು ತಾತನನ್ನು ಕೂರಿಸಿದಳು. ಅವರ ಮುಖ ಸಣ್ಣದಾಗಿತ್ತು, ಕನ್ನಡಕ ದೊಡ್ಡದಾಗಿತ್ತು. ಪರದೆಯಲ್ಲಿದ್ದ ಅಪರಿಚಿತರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ಕೈಮುಗಿದರು. ಹತ್ತೋರಿ ಸಾನ್ ಬಾಗಿದರು, ಈ ಸಲ ಏನೂ ಹೇಳಲಿಲ್ಲ. ಆಮೇಲೆ ತಾತನ ಕಣ್ಣು ನನ್ನ ಚೌಕಕ್ಕೆ ಬಂದು ನಿಂತಿತು.

"ಏನಮ್ಮ, ಏನು ಸಮಾಚಾರ?"

ನೋರೀನ್ ಏನೂ ಕೇಳದೆ ಗಡಿಯಾರ ತಿರುಗಿಸಿಟ್ಟರು.

"ತಾತ, ನಮ್ಮೂರಲ್ಲಿ ಸಂಜೆ ಐದು ಗಂಟೆಗೆ ಬೀದಿ ಬೀದಿಲೂ ಮೈಕಲ್ಲಿ ಒಂದು ರಾಗ ಹಾಕ್ತಾರೆ, ಆಟ ಸಾಕು, ಮಕ್ಕಳೆಲ್ಲ ಮನೆಗೆ ಹೋಗಿ ಅಂತ," ಎಂದು ಶುರು ಮಾಡಿದೆ. "ಈ ವರ್ಷ ಮಕ್ಕಳು ಹೊರಗೇ ಹೋಗಿರ್ಲಿಲ್ಲ. ಆದ್ರೂ ದಿನಾ ಹಾಕಿದ್ರು."

ಚೌಕದ ಅಂಚಿನಿಂದ ಒಂದು ಕಿಸಕ್ ಎಂಬ ನಗು ಬಂತು, ಚಿತ್ರ ಕುಲುಕಿತು. ನನ್ನ ಕಿವಿ ಬಿಸಿಯಾಯಿತು. ನಾನು ಮುಂದಿನ ವಾಕ್ಯಕ್ಕೆ ಹೋದೆ. ತಾತ ಕನ್ನಡಕದೊಳಗಿನಿಂದ ಕಣ್ಣು ಕದಲಿಸದೆ ಹೇಳಿದರು.

"ಲೋ, ಸಮಾಚಾರ ಕೇಳ್ತಿದೀನಿ. ಫೋನ್ ನೆಟ್ಟಗೆ ಹಿಡ್ಕೊ."

ಚಿತ್ರ ನಿಂತಿತು. ಗೋಡೆಗೆ ಮುಖ ಮಾಡಿ ಉಣ್ಣುವ ಮಕ್ಕಳ ಸುದ್ದಿ ಹೇಳಿದೆ, ಮೆಣಸಿನಕಾಯಿಗೆ ಕೆಮ್ಮಿದ ಮಹಡಿಯ ಸುದ್ದಿ ಹೇಳಿದೆ. ತಾತ ಅಲ್ಲಲ್ಲಿ "ಆಮೇಲೆ?" ಎನ್ನುತ್ತಿದ್ದರು. ಒಂದೆರಡು ಪದ ಸಿಗಲಿಲ್ಲ, ಸುತ್ತಿ ಬಳಸಿ ಹೇಳಿದೆ, ಕ್ಷಮಿಸಿ ಎನ್ನಲಿಲ್ಲ. ಗಡಿಯ ಸುದ್ದಿಗೆ ಬರುವಷ್ಟರಲ್ಲಿ ಗಡಿಯಾರ ಬಾರಿಸಿತು. ನೋರೀನ್ ಅದನ್ನು ಮತ್ತೆ ಮೊದಲಿನಿಂದ ತಿರುಗಿಸಿಟ್ಟರು.